ಹದಿನೇಳನೇ ನಂಬರಿನ ಸ್ಟಿಕ್ಕರ್

"ಏಳು... ಎಂಟು... ಒಂಬತ್ತು..."

ಅಮ್ಮ ಹೊಸ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಅಂಗಡಿಯವನು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದ. ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಚೂಟಿಯ ಕ್ಲಾಸಿನ ಲಂಬು. ಅವನು ಹಲ್ಲು ಕಿರಿಯುತ್ತಿದ್ದ. ಭೂಮಿ ಈಗಲೇ ಬಾಯಿ ಬಿಡಬಾರದೇ ಅನ್ನಿಸಿತು ಅಮ್ಮನ ಪಕ್ಕ ನಿಂತಿದ್ದ ಚೂಟಿಗೆ.

"ಅಮ್ಮಾ, ಇನ್ನೊಂದು ಸಲ ತಿರುಗಿಸಿದ್ರೆ ಮುಚ್ಚಳ ಕಿತ್ತು ಬರುತ್ತೆ," ಅಂದ ಅಂಗಡಿಯವನು.

"ಕಿತ್ತು ಬರೋದಾದ್ರೆ ಇಲ್ಲೇ ಬರಲಿ," ಅಂದಳು ಅಮ್ಮ. "ಹತ್ತು. ಈಗ ಇದಕ್ಕೆ ಸ್ವಲ್ಪ ನೀರು ತುಂಬಿಸಿ ಕೊಡಿ."

"ನೀರು ಯಾಕೆ?"

"ತಲೆಕೆಳಗು ಮಾಡಿ ನೋಡಬೇಕಲ್ಲ?"

ಅಂಗಡಿಯವನು ತನ್ನ ಲೆಕ್ಕದ ಪುಸ್ತಕವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟುಕೊಂಡ.

ಚೂಟಿಯ ಅಮ್ಮನಿಗೆ ಇದು ಚಟವಲ್ಲ, ಕೆಲಸ. ಅವಳು ಕೊಡೆ ಫ್ಯಾಕ್ಟರಿಯಲ್ಲಿ ಚೆಕ್ಕರ್. ಪ್ರತಿ ಕೊಡೆಯನ್ನೂ ಹತ್ತು ಸಲ ಬಿಚ್ಚಬೇಕು, ಹತ್ತು ಸಲ ಮುಚ್ಚಬೇಕು. ಬೆಳಕಿಗೆ ಹಿಡಿದು ತೂತು ಇದೆಯೇ ನೋಡಬೇಕು. ಎಲ್ಲ ಸರಿಯಾಗಿದ್ದರೆ ಹಿಡಿಯ ಮೇಲೆ ಒಂದು ದುಂಡನೆಯ ಹಸಿರು ಸ್ಟಿಕ್ಕರ್. ಅದರಲ್ಲಿ 'ಸರಿ ಇದೆ' ಎಂದು ಬರೆದಿರುತ್ತದೆ. ಕೆಳಗೆ ಚೆಕ್ಕರಿನ ನಂಬರು. ಅಮ್ಮನ ನಂಬರು ಹದಿನೇಳು.

ಫ್ಯಾಕ್ಟರಿಯ ಗೋಡೆಗೆ ಒಂದು ಕರಿಹಲಗೆ ಹಾಕಿದ್ದಾರೆ. ಅದರಲ್ಲಿ ಎಲ್ಲ ಚೆಕ್ಕರುಗಳ ನಂಬರೂ ಸಾಲಾಗಿವೆ. ಕೊಡೆ ಕೆಟ್ಟು ವಾಪಸ್ ಬಂದರೆ ಸೂಪರ್‌ವೈಸರ್ ಅದರ ಸ್ಟಿಕ್ಕರ್ ನೋಡಿ, ಆ ನಂಬರಿನ ಮುಂದೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಕೆಲವು ನಂಬರಿನ ಮುಂದೆ ಬೇಲಿ ಹಾಕಿದಷ್ಟು ಗೆರೆಗಳಿವೆ. ಹದಿನೇಳರ ಮುಂದೆ ಹನ್ನೊಂದು ವರ್ಷದಿಂದ ಒಂದೂ ಇಲ್ಲ.

ತೊಂದರೆ ಏನೆಂದರೆ, ಅಮ್ಮ ಫ್ಯಾಕ್ಟರಿಯನ್ನು ಮನೆಗೂ ತರುತ್ತಿದ್ದಳು. ಚೂಟಿ ಜಡೆ ಹಾಕಿಕೊಂಡು ಬಂದರೆ ಒಮ್ಮೆ ಎಳೆದು ನೋಡಿ, "ಸಡಿಲ. ವಾಪಸ್," ಅನ್ನುತ್ತಿದ್ದಳು. ಮಡಿಸಿದ ಹೊದಿಕೆಯ ಅಂಚು ಅಂಚಿಗೆ ಸೇರದಿದ್ದರೆ, "ವಾಪಸ್." ಅಪ್ಪ ಗಡ್ಡ ಬೋಳಿಸಿಕೊಂಡು ಹೊರಟರೆ, "ಎಡಗಿವಿ ಕೆಳಗೆ ನಾಲ್ಕು ಕೂದಲಿದೆ ರೀ. ವಾಪಸ್."

ಅಪ್ಪನದು ಬೇರೆಯೇ ದಾರಿ. ಅಪ್ಪ ಅಂಗಡಿಗಳಿಗೆ ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಿದ್ದ. ಆ ಗಾಡಿಯ ಕನ್ನಡಿ ರಬ್ಬರ್ ಬ್ಯಾಂಡಿನಲ್ಲಿ ನಿಂತಿತ್ತು. ಬಾಗಿಲು ಹಗ್ಗದಲ್ಲಿ ನಿಂತಿತ್ತು. ಹಾರ್ನ್ ಒತ್ತಿದರೆ ವೈಪರ್ ಅಲ್ಲಾಡುತ್ತಿತ್ತು. ಯಾರಾದರೂ ಕೇಳಿದರೆ, "ನಡಿಯುತ್ತೆ ಬಿಡ್ರೀ," ಅನ್ನುತ್ತಿದ್ದ.

ಒಂದು ದಿನ ಅಪ್ಪ, "ನನಗೂ ಒಂದು ಹಸಿರು ಸ್ಟಿಕ್ಕರ್ ಅಂಟಿಸೇ," ಎಂದು ಹಣೆ ಒಡ್ಡಿದ್ದ.

"ಇರಿ, ಇನ್ನೂ ಚೆಕ್ ಮಾಡ್ತಾ ಇದೀನಿ," ಅಂದಿದ್ದಳು ಅಮ್ಮ. ಅವರ ಮದುವೆಯಾಗಿ ಆಗಲೇ ಹದಿಮೂರು ವರ್ಷ ಆಗಿತ್ತು.

ಚೂಟಿ ಅಪ್ಪನ ಮಗಳು. ಬೇಗ ಮಾಡು, ಬೇಗ ಮುಗಿಸು, ಓಡು. ಅದಕ್ಕೇ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಿದ್ದದ್ದು.

ಇಂಥ ಚೂಟಿಯ ಶಾಲೆಯಲ್ಲಿ ಹೆಡ್‌ಮಾಸ್ಟರು 'ರಿಪೇರಿ ದಿನ' ಮಾಡುತ್ತೇವೆ ಎಂದು ಹೇಳಿದರು. ಊರಿನವರು ಮುರಿದ ಸಾಮಾನು ತಂದುಕೊಡುವುದು, ಮಕ್ಕಳು ಸರಿಮಾಡಿಕೊಡುವುದು. ಹರಿದ ಪುಸ್ತಕ ಒಂದು ಗುಂಪಿಗೆ, ಕಿತ್ತ ಗುಂಡಿ ಇನ್ನೊಂದಕ್ಕೆ. ಕ್ಲಾಸ್ ಟೀಚರ್ ಚೂಟಿಯ ಕಡೆ ನೋಡಿದರು.

"ಕೊಡೆ ನಿನಗೇ. ನಿಮ್ಮಮ್ಮ ಕೊಡೆ ಫ್ಯಾಕ್ಟರೀಲಿ ಇದಾರಲ್ಲ!"

ಜೊತೆಗೆ ಲಂಬು. ಅವನಿಗೆ ಎತ್ತರ ಇದೆ, ಕೊಡೆ ಹಿಡಿಯಲು ಅನುಕೂಲ ಎಂದು ಟೀಚರ್ ಲೆಕ್ಕ.

ಆರು ಕೊಡೆಗಳು ಬಂದವು. ಅದರಲ್ಲಿ ಒಂದು ಹೆಡ್‌ಮಾಸ್ಟರದೇ. ಕಪ್ಪು ಬಣ್ಣದ, ಇಬ್ಬರು ನಿಲ್ಲಬಹುದಾದ ದೊಡ್ಡ ಕೊಡೆ. ಅದರ ಕಾಯಿಲೆ ಏನೆಂದರೆ, ಬಿಚ್ಚಿದರೆ ನಿಲ್ಲುತ್ತಿರಲಿಲ್ಲ. ತಟಕ್ಕನೆ ಕೆಳಗೆ ಜಾರಿ ತಲೆಯ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಮಳೆಯಲ್ಲಿ ಹೆಡ್‌ಮಾಸ್ಟರು ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದಿದ್ದರು.

ರಿಪೇರಿ ಹೇಗೆ ಮಾಡಬೇಕೆಂದು ಅಮ್ಮ ಹಿಂದಿನ ದಿನವೇ ತೋರಿಸಿಕೊಟ್ಟಿದ್ದಳು. "ಕೋಲಿನೊಳಗೆ ಒಂದು ಸ್ಪ್ರಿಂಗ್ ಇರುತ್ತೆ. ಅದು ಸವೆದಿದ್ರೆ ಹೊಸದು ಹಾಕು. ಆಮೇಲೆ ಹತ್ತು ಸಲ ಬಿಚ್ಚಿ ಮುಚ್ಚು. ಎಂಟಲ್ಲ, ಒಂಬತ್ತಲ್ಲ."

ಚೂಟಿ ಸ್ಪ್ರಿಂಗ್ ಹುಡುಕಿದಳು. ಅದು ಒಳಗೆಲ್ಲೋ ಅವಿತುಕೊಂಡಿತ್ತು. ಆಟದ ಗಂಟೆ ಹೊಡೆಯುವುದರಲ್ಲಿತ್ತು. ಅವಳು ಒಂದು ರಟ್ಟಿನ ತುಂಡನ್ನು ಮಡಿಸಿ, ಕೋಲಿಗೂ ಕಡ್ಡಿಗಳನ್ನು ಮೇಲೆ ತಳ್ಳುವ ಬಳೆಗೂ ನಡುವೆ ತುರುಕಿ, ಮೇಲೆ ನಾಲ್ಕು ಸುತ್ತು ಟೇಪ್ ಸುತ್ತಿದಳು.

ಕೊಡೆ ಬಿಚ್ಚಿ ನಿಂತಿತು. ಬಂಡೆಯ ಹಾಗೆ ನಿಂತಿತು.

"ಸೂಪರ್!" ಅಂದ ಲಂಬು. "ಈಗ ಮುಚ್ಚು."

ಮುಚ್ಚಲಿಲ್ಲ. ಲಂಬು ಹಿಡಿ ಹಿಡಿದುಕೊಂಡ, ಚೂಟಿ ಬಳೆಗೆ ಜೋತುಬಿದ್ದಳು. ಲಂಬು ಬೆಂಚಿಗೆ ಕಾಲು ಕೊಟ್ಟ. ಕೊನೆಗೆ ಕೊಡೆ 'ಕ್ರಾಕ್' ಎಂದು ಮುಚ್ಚಿತು, ಇಬ್ಬರೂ ನೆಲಕ್ಕೆ ಬಿದ್ದರು.

"ಲೇ, ಇದನ್ನ ಮುಚ್ಚೋಕೆ ಇಬ್ಬರು ಬೇಕು ಕಣೇ," ಅಂದ ಲಂಬು.

"ಸರ್ ಹತ್ರ ಪ್ಯೂನ್ ಅಂಕಲ್ ಇದಾರಲ್ಲ. ನಡಿಯುತ್ತೆ ಬಿಡು."

"ನಿಮ್ಮಮ್ಮ ಹತ್ತು ಸಲ ಅಂದಿದ್ರಂತೆ."

ಚೂಟಿ ಜೇಬಿನಿಂದ ಏನೋ ತೆಗೆದಳು. ಏಳು ಹಸಿರು ಸ್ಟಿಕ್ಕರ್. ಒಗೆಯಲು ಹಾಕಿದ್ದ ಅಮ್ಮನ ಏಪ್ರನ್ನಿನ ಜೇಬಿನಲ್ಲಿ ಅರ್ಧ ಹಾಳೆ ಉಳಿದಿತ್ತು. ಅಷ್ಟರಲ್ಲಿ ಏಳು ಹೋದರೆ ಯಾರಿಗೆ ಗೊತ್ತಾಗುತ್ತದೆ?

ಆರು ಕೊಡೆಗೆ ಆರು ಸ್ಟಿಕ್ಕರ್ ಅಂಟಿಸಿದಳು. ಏಳನೆಯದನ್ನು ತನ್ನ ಗಣಿತದ ನೋಟ್‌ಬುಕ್ಕಿಗೆ ಅಂಟಿಸಿದಳು. ಮೇಜಿನ ಮುಂದೆ ಒಂದು ಬೋರ್ಡೂ ಬರೆದು ನಿಲ್ಲಿಸಿದಳು: 'ಇಲ್ಲಿಯ ಕೊಡೆಗಳಿಗೆ ಫ್ಯಾಕ್ಟರಿ ಚೆಕಿಂಗ್ ಆಗಿದೆ.'

ಹೆಡ್‌ಮಾಸ್ಟರು ಬಂದರು, ಬೋರ್ಡು ಓದಿದರು, ಸ್ಟಿಕ್ಕರ್ ನೋಡಿದರು, ನಂಬರು ಯಾರದೆಂದು ಕೇಳಿ ತಿಳಿದುಕೊಂಡರು. ಅವರ ದಪ್ಪ ಮೀಸೆ ಹಿಗ್ಗಿನಿಂದ ಅಗಲವಾಯಿತು.

"ಹದಿನೇಳು! ನಿಮ್ಮಮ್ಮನೇ ನೋಡಿದಾರೆ ಅಂದ್ಮೇಲೆ ಮಾತೇ ಇಲ್ಲ. ಭೇಷ್!"

ಚೂಟಿ ನಕ್ಕಳು. ಟೇಪು ಸುತ್ತಿದ ಜಾಗ ಕಾಣದ ಹಾಗೆ ಕೊಡೆಯನ್ನು ಚೂರು ತಿರುಗಿಸಿಟ್ಟಳು. ಆಟದ ಗಂಟೆ ಹೊಡೆಯಿತು, ಅವಳು ಓಡಿದಳು.

ಆ ಸಂಜೆ ಸಣ್ಣಗೆ ಮಳೆ ಬಂತು. ಹೆಡ್‌ಮಾಸ್ಟರು ಠೀವಿಯಿಂದ ಕೊಡೆ ಬಿಚ್ಚಿ ಹೊರಟರು. ಮಳೆ ನಿಂತಿತು. ಕೊಡೆ ಮುಚ್ಚಲಿಲ್ಲ. ಬಸ್ಸು ಬಂತು. ಕೊಡೆ ಬಾಗಿಲಲ್ಲಿ ಹಿಡಿಯಲಿಲ್ಲ.

"ಸಾರ್, ಕೊಡೆ ಮುಚ್ಚಿ ಹತ್ತಿ," ಅಂದ ಕಂಡಕ್ಟರ್.

"ಮುಚ್ಚೋ ಹಾಗಿದ್ದಿದ್ರೆ ಮುಚ್ತಾ ಇರಲಿಲ್ವೇನಯ್ಯಾ?"

ಬಸ್ಸು ಹೋಯಿತು. ಆಮೇಲೆ ಬಂದ ಬಸ್ಸೂ ಹೋಯಿತು. ಹೆಡ್‌ಮಾಸ್ಟರು ಸುಡುಬಿಸಿಲಿನಲ್ಲಿ ನಡೆಯುವವರಂತೆ ಬಿಚ್ಚಿದ ಕೊಡೆ ಹಿಡಿದು ಮನೆಯ ಕಡೆ ನಡೆದರು. ಪಾಪ, ಅವರಿಗೆ ದೂರು ಕೊಡುವ ಮನಸ್ಸೇನೂ ಇರಲಿಲ್ಲ. ದಾರಿಯಲ್ಲಿ ಕೊಡೆ ಫ್ಯಾಕ್ಟರಿ ಸಿಕ್ಕಿತು. ಒಳಗೆ ಹೋಗಿ, "ಇದನ್ನ ಸ್ವಲ್ಪ ಮುಚ್ಚಿಕೊಡಿ," ಎಂದು ಕೇಳಿದರು, ಅಷ್ಟೇ.

ಅಮ್ಮನ ಪಾಳಿ ಆಗಲೇ ಮುಗಿದಿತ್ತು. ಸೂಪರ್‌ವೈಸರ್ ಇಕ್ಕಳ ಹಾಕಿ ಕೊಡೆ ಮುಚ್ಚಿ ಅವರ ಕೈಗೆ ಕೊಟ್ಟರು. ಕೊಡುವಾಗ ಹಿಡಿಯ ಮೇಲಿನ ಸ್ಟಿಕ್ಕರ್ ಕಣ್ಣಿಗೆ ಬಿತ್ತು. ಸೀಮೆಸುಣ್ಣ ತೆಗೆದುಕೊಂಡರು. ನಿಯಮ ಅಂದರೆ ನಿಯಮ.

ಮರುದಿನ ಫ್ಯಾಕ್ಟರಿಯಿಂದ ಬಂದ ಅಮ್ಮ ಚಪ್ಪಲಿ ಬಿಟ್ಟ ಜಾಗದಲ್ಲೇ ಕೂತಳು. ಚೂಟಿಯ ಒಂದು ಜಡೆ ಬಿಚ್ಚಿ ಜೋತಾಡುತ್ತಿತ್ತು. ಅಮ್ಮ ನೋಡಿದಳು, ವಾಪಸ್ ಅನ್ನಲಿಲ್ಲ.

"ಏನಾಯ್ತೇ?" ಅಂದ ಅಪ್ಪ.

"ಹದಿನೇಳರ ಮುಂದೆ ಗೆರೆ ಬಿದ್ದಿದೆ ರೀ. ಯಾರೋ ದಪ್ಪ ಮೀಸೆಯವರು ತಂದಿದ್ರಂತೆ. ಕಪ್ಪು ಕೊಡೆ, ದೊಡ್ಡದು. ಬಿಚ್ಚಿದ್ರೆ ಮುಚ್ಚೋದಿಲ್ವಂತೆ."

ಚೂಟಿಯ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು.

"ಹನ್ನೊಂದು ವರ್ಷಕ್ಕೆ ಒಂದು ಗೆರೆ. ಅದೇನು ದೊಡ್ಡದು? ಬಿಡೇ," ಅಂದ ಅಪ್ಪ.

"ದೊಡ್ಡದು ಚಿಕ್ಕದು ಅಂತಲ್ಲ. ನನಗೆ ಅದು ನೆನಪೇ ಆಗ್ತಿಲ್ಲ." ಅಮ್ಮ ತನ್ನ ಅಂಗೈಯನ್ನೇ ನೋಡಿಕೊಂಡಳು. "ಸೋಮವಾರದಿಂದ ಹೊಸಬರಿಗೆ ಕಲಿಸೋ ಟೇಬಲ್ ನನಗೆ ಕೊಡ್ತೀವಿ ಅಂದಿದ್ರು. ನಾನೇ ಬೇಡ ಅಂದು ಬಂದೆ. ಮೊದಲು ನನ್ನ ಕೈ ಸರಿ ಇದೆಯಾ ನೋಡ್ಕೋಬೇಕು. ಕೈ ತಪ್ಪಿದವಳು ಇನ್ನೊಬ್ಬರಿಗೆ ಏನು ಕಲಿಸೋದು?"

ಆಮೇಲೆ ಅಮ್ಮ ಅಡುಗೆಮನೆಗೆ ಹೋದಳು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿಸಿತು. ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ, ಬೇಳೆ ಡಬ್ಬಿ. ಒಂದು, ಎರಡು, ಮೂರು... ಆರರ ನಂತರ ಎಣಿಕೆ ತಪ್ಪಿತು. ಅಮ್ಮ ಮತ್ತೆ ಒಂದರಿಂದ ಶುರು ಮಾಡಿದಳು. ಮತ್ತೆ ತಪ್ಪಿತು. ಅಮ್ಮನಿಗೆ ಎಣಿಕೆ ತಪ್ಪುವುದನ್ನು ಚೂಟಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು. ಹೆಡ್‌ಮಾಸ್ಟರು ಎಂದು ಅಮ್ಮನಿಗೆ ಗೊತ್ತಿಲ್ಲ, ಲಂಬು ಬಾಯಿ ಬಿಡುವುದಿಲ್ಲ. ನಡಿಯುತ್ತೆ ಬಿಡು, ಎಂದು ಚೂಟಿ ಮನಸ್ಸಿನಲ್ಲೇ ಅಂದು ನೋಡಿದಳು. ನಡೆಯಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅಮ್ಮಾ, ನಿನ್ನ ಕೈ ತಪ್ಪಿಲ್ಲ. ಆ ಕೊಡೆ ನಾನು ಮಾಡಿದ್ದು. ಸ್ಟಿಕ್ಕರ್ರೂ ನಾನೇ ಅಂಟಿಸಿದ್ದು. ನಿನ್ನ ಏಪ್ರನ್ನಿಂದ ತಗೊಂಡಿದ್ದೆ."

ಅಮ್ಮನ ಕೈಯಲ್ಲಿ ಬೇಳೆ ಡಬ್ಬಿಯ ಮುಚ್ಚಳ ಇತ್ತು. ಅವಳು ಚೂಟಿಯನ್ನೂ ಮುಚ್ಚಳವನ್ನೂ ಒಂದೊಂದು ಸಲ ನೋಡಿದಳು.

"ಹಾಗಾದ್ರೆ... ನಾನು ನೋಡಿದ ಕೊಡೆ ಅಲ್ವಾ ಅದು?"

"ಅಲ್ಲ."

ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಗುವೋ ಅಳುವೋ ತಿಳಿಯದಂಥ ಒಂದು ಉಸಿರು ಬಿಟ್ಟಳು. ಆಹಾ, ಬಚಾವಾದೆ ಎಂದುಕೊಂಡಳು ಚೂಟಿ. ಅಷ್ಟರಲ್ಲಿ ಅಮ್ಮನ ಹುಬ್ಬು ಮೇಲೇರಿತು.

"ಎಷ್ಟು ಸ್ಟಿಕ್ಕರ್ ತಗೊಂಡೆ?"

"ಏಳು. ಆರು ಕೊಡೆಗೆ."

"ಏಳನೇದು?"

ಚೂಟಿ ಗಣಿತದ ನೋಟ್‌ಬುಕ್ ತಂದು ತೋರಿಸಿದಳು. ಹಸಿರು ಸ್ಟಿಕ್ಕರಿನ ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಹದಿನೇಳನೇ ನಂಬರಿನವರು ಮೂರನೇ ಲೆಕ್ಕ ನೋಡಿಲ್ಲ. ದಯವಿಟ್ಟು ಅವರನ್ನು ಬಂದು ನನ್ನನ್ನು ಕಾಣಲು ಹೇಳುವುದು.'

ಹಾಲ್‌ನಲ್ಲಿ ಅಪ್ಪ ನಗು ತಡೆಯಲಾರದೆ ಕೆಮ್ಮಿದ. ಅಮ್ಮ ಆ ಕಡೆ ಒಂದು ನೋಟ ಬಿಟ್ಟಳು. ಕೆಮ್ಮು ವಾಸಿಯಾಯಿತು.

"ಆ ಆರು ಕೊಡೇನ ನಾನು ಕಣ್ಣಲ್ಲೂ ನೋಡಿಲ್ಲ," ಅಂದಳು ಅಮ್ಮ. "ಆದ್ರೆ ಅದನ್ನ ತಗೊಂಡವರು, ಹದಿನೇಳು ನೋಡಿದಾಳೆ ಅಂತ ನಂಬಿ ಮಳೇಲಿ ಹೋಗ್ತಾ ಇದಾರೆ. ಭಾನುವಾರ ಆರೂ ವಾಪಸ್ ಬರಬೇಕು. ಪ್ರತಿ ಮನೇಲೂ ನೀನೇ ಹೇಳಬೇಕು."

ಭಾನುವಾರ ಮೂವರೂ ಅಪ್ಪನ ಗಾಡಿಯಲ್ಲಿ ಹೊರಟರು. ಅಪ್ಪ ದಾರಿಯುದ್ದಕ್ಕೂ ಹಾರ್ನ್ ಹೊಡೆದ, ವೈಪರ್ ದಾರಿಯುದ್ದಕ್ಕೂ ಕೈಬೀಸಿತು.

ಮೊದಲ ಮನೆ ಲೈಬ್ರರಿ ಮೇಡಂ ಅವರದು. "ಮೇಡಂ, ನಿಮ್ಮ ಕೊಡೇನ ನಾನು ಚೆಕ್ ಮಾಡದೇ ಸ್ಟಿಕ್ಕರ್ ಅಂಟಿಸಿದ್ದೆ. ವಾಪಸ್ ಕೊಡಿ, ಸರಿಮಾಡಿ ತರ್ತೀನಿ," ಎಂದು ಚೂಟಿ ಒಂದೇ ಉಸಿರಿಗೆ ಹೇಳಿದಳು.

"ಹೌದಾ! ನಾನು ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಕಣಮ್ಮ," ಅಂದರು ಮೇಡಂ. "ಫ್ಯಾಕ್ಟರಿಯವರು ನೋಡಿದ ಕೊಡೆ ತಪ್ಪಾಗೋಕೆ ಸಾಧ್ಯಾನಾ ಅಂತ."

ಚೂಟಿಗೆ ಮೇಡಂ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕಟಿಂಗ್ ಶಾಪಿನವರ ಕೊಡೆಯ ಕಡ್ಡಿಗೆ ಚೂಟಿ ದಾರ ಕಟ್ಟಿದ್ದಳು. ದಾರ ಬಿಚ್ಚಿ ಕಡ್ಡಿ ಹೊರಗೆ ಚಾಚಿಕೊಂಡಿತ್ತು. ಅವರು ಅದಕ್ಕೆ ಟವೆಲ್ ಒಣಹಾಕಿದ್ದರು. "ಒಯ್ಯಿರಿ, ಆದ್ರೆ ಟವೆಲ್ ಒಣಗಲಿ," ಅಂದರು. ಮೂವರೂ ಅರ್ಧ ಗಂಟೆ ಬೆಂಚಿನ ಮೇಲೆ ಕೂತರು. ಕಾಯುವ ನೆಪದಲ್ಲಿ ಅಪ್ಪನ ಎಡಗಿವಿಯ ಕೆಳಗಿನ ನಾಲ್ಕು ಕೂದಲಿಗೂ ಗತಿ ಕಾಣಿಸಿ ಆಯಿತು. ಇನ್ನು ಮೂರು ಮನೆಗಳಲ್ಲಿ ಬೇಗ ಕೊಟ್ಟರು. ಮೂರನ್ನೂ ಬಿಚ್ಚಿ ನೋಡಿದ ಅಮ್ಮನ ಮುಖ, ಉಪ್ಪಿಲ್ಲದ ಸಾರು ಕುಡಿದವರ ಹಾಗಾಯಿತು.

ಕೊನೆಗೆ ಹೆಡ್‌ಮಾಸ್ಟರ ಮನೆ. ಚೂಟಿ ಎಲ್ಲವನ್ನೂ ಹೇಳಿದಳು. ರಟ್ಟು, ಟೇಪು, ಪ್ಯೂನ್ ಅಂಕಲ್, ಕರಿಹಲಗೆಯ ಗೆರೆ, ಯಾವುದನ್ನೂ ಬಿಡಲಿಲ್ಲ.

ಹೆಡ್‌ಮಾಸ್ಟರು ಮೀಸೆ ಸವರಿಕೊಂಡರು. "ಎರಡು ಬಸ್ ಬಿಟ್ಟೆನಲ್ಲೇ ಮಹಾರಾಯ್ತಿ!" ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಕ್ಷಮಿಸಮ್ಮ. ಮುಚ್ಚಿಕೊಡಿ ಅಂತ ಕೇಳೋಕೆ ಹೋದೆ. ಅದರಿಂದ ನಿನಗೆ ಗೆರೆ ಬೀಳುತ್ತೆ ಅಂತ ನನಗೇನು ಗೊತ್ತು? ಒಂದು ಕಾಗದ ಬರೆದುಕೊಡ್ತೀನಿ, ಸೂಪರ್‌ವೈಸರ್‌ಗೆ ಕೊಡು."

ಅವರು ಬರೆದರು, ಓದಿದರು, ಹರಿದು ಹಾಕಿದರು. ಮತ್ತೆ ಬರೆದರು, ಹರಿದರು. ನಾಲ್ಕನೆಯ ಸಲ ಬರೆದದ್ದನ್ನು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೂ ನೋಡಿ ಕೊಟ್ಟರು.

"ಇವರೂ ನಿಮ್ಮಮ್ಮನ ಜಾತಿಯವರೇ," ಎಂದು ಅಪ್ಪ ಚೂಟಿಯ ಕಿವಿಯಲ್ಲಿ ಪಿಸುಗುಟ್ಟಿದ.

ಸೋಮವಾರ ಅಮ್ಮ ಸಂಜೆ ಬಂದಾಗ ಚೂಟಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಅಳಿಸಿದ್ರಾ?"

"ಅಳಿಸಿದ್ರು. ನಾಳೆಯಿಂದ ಆ ಟೇಬಲ್ಲಿಗೆ ಹೋಗು ಅಂದ್ರು." ಅಮ್ಮ ಚಪ್ಪಲಿ ಬಿಟ್ಟಳು. "ಒದ್ದೆ ಬಟ್ಟೇಲಿ ಒರೆಸಿದ್ರು. ಆದ್ರೂ ಹತ್ತಿರ ಹೋಗಿ ನೋಡಿದ್ರೆ ಸ್ವಲ್ಪ ಬೆಳ್ಳಗೆ ಕಾಣುತ್ತೆ."

ಚೂಟಿ ತಲೆ ತಗ್ಗಿಸಿದಳು.

"ಬಾ, ಜಡೆ ಬಿಚ್ಚಿದೆ," ಅಂದಳು ಅಮ್ಮ. ಎಳೆದು, ಬಿಗಿಯಾಗಿ ಹಾಕಿದಳು. ನೋವಾಯಿತು, ಆದರೆ ಚೂಟಿಗೆ ಹಿತವೂ ಆಯಿತು.

ಆಮೇಲೆ ನಾಲ್ಕು ದಿನ ಸಂಜೆ ಹಾಲ್‌ನ ತುಂಬ ಕೊಡೆಗಳು. ಅಮ್ಮ ಎದುರಿಗೆ ಕೂತು ಹೇಳುವಳು, ಚೂಟಿ ಮಾಡುವಳು. ಟೇಪು ಕೀಳುವುದಕ್ಕೇ ಒಂದು ಸಂಜೆ ಹೋಯಿತು. ಕಡ್ಡಿಗೆ ತಂತಿ, ಬಟ್ಟೆಗೆ ಹೊಲಿಗೆ. ಅವಿತುಕೊಂಡಿದ್ದ ಸ್ಪ್ರಿಂಗ್ ಒಂದು ಸಣ್ಣ ಮೊಳೆ ಕಿತ್ತ ಕೂಡಲೇ ತಾನೇ ಹೊರಗೆ ಬಂತು; ಸವೆದದ್ದನ್ನು ತೆಗೆದು ಹೊಸದು ಹಾಕಿದ್ದಾಯಿತು. ಇಷ್ಟೇನಾ, ಅನ್ನಿಸಿತು ಚೂಟಿಗೆ.

ಲಂಬು ನೋಡಲು ಬಂದ. ಅವನು ಹೊಸ ನೀರಿನ ಬಾಟಲಿ ತಂದಿದ್ದ, ಅದು ಸೋರಿ ಅವನ ಚೀಲವೆಲ್ಲ ಒದ್ದೆಯಾಗಿತ್ತು.

"ತಲೆಕೆಳಗು ಮಾಡಿ ನೋಡಿದ್ಯಾ ಅಂಗಡೀಲಿ?" ಅಂದಳು ಚೂಟಿ.

ಲಂಬು ಈ ಸಲ ಹಲ್ಲು ಕಿರಿಯಲಿಲ್ಲ.

ಶುಕ್ರವಾರ ಐದು ಕೊಡೆ ಮುಗಿದಿದ್ದವು. ಹೆಡ್‌ಮಾಸ್ಟರದನ್ನು ಹತ್ತು ಸಲ ಬಿಚ್ಚಿ ಮುಚ್ಚುವುದೊಂದು ಉಳಿದಿತ್ತು. ಹೊರಗೆ ಮೋಡ ಕವಿದಿತ್ತು. ಅಪ್ಪ ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ, ಅಂಗಡಿಗೆ ಸಾಮಾನು ಹಾಕಲು ಹೋಗುವ ದಾರಿಯಲ್ಲಿ ಆರನ್ನೂ ಕೊಟ್ಟು ಬರುತ್ತೇನೆ ಎಂದಿದ್ದ. ಅಮ್ಮ ಅಡುಗೆಮನೆಯಲ್ಲಿ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು.

ಚೂಟಿ ಕೊಡೆ ಹಿಡಿದು ನಿಂತಳು. ಬಿಚ್ಚಿದಳು, ಮುಚ್ಚಿದಳು. ಒಂದೇ ಕೈಯಲ್ಲಿ, ಬೆಣ್ಣೆಯಷ್ಟು ಸಲೀಸಾಗಿ. "ಆರು... ಏಳು... ಎಂಟು... ಒಂಬತ್ತು."

ಒಂಬತ್ತಕ್ಕೆ 'ಕಿರ್' ಎಂದಿತು. ಬಹಳ ಸಣ್ಣ ಸದ್ದು. ಬಳೆ ಒಂದು ಕ್ಷಣ ತಡೆದು, ಆಮೇಲೆ ಜಾರಿತು.

ಚೂಟಿ ಅಡುಗೆಮನೆಯ ಕಡೆ ನೋಡಿದಳು. ಅಮ್ಮ ತಿರುಗಲಿಲ್ಲ. ನೀರಿನ ಸದ್ದಿನಲ್ಲಿ ಕೇಳಿಸಿರಲಾರದು.

"ಹತ್ತು," ಅಂದಳು ಚೂಟಿ. ಈ ಸಲ 'ಕಿರ್' ಎನ್ನಲೇ ಇಲ್ಲ. ಮುಗಿಯಿತಲ್ಲ!

"ಆಯ್ತೇನೇ ಚೂಟಿ? ಮಳೆ ಬಂತು!" ಹೊರಗಿನಿಂದ ಅಪ್ಪ ಹಾರ್ನ್ ಹೊಡೆದ.

"ಹತ್ತು ಆಯ್ತಪ್ಪಾ. ಆದ್ರೆ ಒಂದು ಸಲ ಕಿರ್ ಅಂತು."

"ಒಂದೇ ಸಲ ತಾನೇ? ನಡಿಯುತ್ತೆ, ಬಾ ಬಾ!"

ಚೂಟಿ ಬಾಗಿಲವರೆಗೆ ಹೋದಳು. ಹೆಡ್‌ಮಾಸ್ಟರು ಬಸ್‌ಸ್ಟಾಪಿನಲ್ಲಿ ನಿಂತಿರುವುದು ಕಣ್ಣಿಗೆ ಬಂತು. ಬಸ್ಸು ಬರುತ್ತದೆ. ಅವರು ಕೊಡೆ ಮುಚ್ಚಲು ನೋಡುತ್ತಾರೆ. ಯಾರೋ ಒಬ್ಬರು ನೋಡಿದ್ದಾರೆ ಎಂದು ನಂಬಿಕೊಂಡು ನೋಡುತ್ತಾರೆ.

ಅವಳು ಹಿಂದಕ್ಕೆ ಬಂದಳು. ನೆಲದ ಮೇಲೆ ಕೂತು, ಇಕ್ಕಳ ತೆಗೆದು, ಆ ಸಣ್ಣ ಮೊಳೆಯನ್ನು ಮತ್ತೆ ಕಿತ್ತಳು. ಸ್ಪ್ರಿಂಗಿನ ತುದಿ ಕೂದಲೆಳೆಯಷ್ಟು ಓರೆಯಾಗಿತ್ತು.

"ಅಪ್ಪಾ, ಗಾಡಿ ಆಫ್ ಮಾಡು," ಎಂದು ಕೂಗಿದಳು. "ಇನ್ನೂ ಸ್ವಲ್ಪ ಹೊತ್ತಾಗುತ್ತೆ."

ತುದಿ ನೆಟ್ಟಗೆ ಮಾಡಿದಳು, ಒಂದು ತೊಟ್ಟು ಎಣ್ಣೆ ಬಿಟ್ಟಳು, ಮೊಳೆ ಹೊಡೆದಳು. ಎದ್ದು ನಿಂತು ಕೊಡೆ ಬಿಚ್ಚಿದಳು.

"ಒಂದು," ಅಂದಳು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

"ಎರಡು," ಅಂದಳು ಚೂಟಿ.